ಕ್ಯಾಮೆರಾಕ್ಕಿಂತ ಮೊದಲು ರಜಿಸ್ಟರ್

ಉದ್ಯಮಬಾಗ, ಬೆಳಗಾವಿ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಫೌಂಡ್ರಿಯೊಳಗೆ (ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿಯುವ ಕಾರ್ಖಾನೆ) ಕ್ಯಾಮೆರಾ ಕೂಡಿಸಿ ಕೆಟ್ಟ ಎರಕಗಳನ್ನು ಎಐಯಿಂದ ಹಿಡಿಯುತ್ತೇನೆ, 99% ಕರಾರುವಾಕ್ಕಾಗಿ ಬರುತ್ತದೆ ಎಂದು ಬರೆದಿದ್ದೀ. ಮುಗಿದ ಮೇಲೆ ಬೆಂಗಳೂರಿಗೆ ಹೋಗಲೋ ಇಲ್ಲೇ ಇರಲೋ ಎಂದೂ ಕೇಳಿದ್ದೀ. ಮೊದಲು ಪ್ರಾಜೆಕ್ಟಿನ ಮಾತು ಮುಗಿಸೋಣ. ಬೆಂಗಳೂರಿನ ಪ್ರಶ್ನೆಗೆ ಅರ್ಧ ಉತ್ತರ ಅದರೊಳಗೇ ಇದೆ.

ಆ 99ರ ಅಂಕಿಯನ್ನು ಮಾಲಕರ ಮುಂದೆ ಹೇಳಬೇಡ. ದಿನಕ್ಕೆ 1,000 ಎರಕ, ಅದರಲ್ಲಿ 40 ಕೆಟ್ಟವು ಎಂದು ಇಟ್ಟುಕೋ. ಏನನ್ನೂ ನೋಡದೆ ಎಲ್ಲಕ್ಕೂ ‘ಓಕೆ’ ಎನ್ನುವ ಪ್ರೋಗ್ರಾಮಿಗೂ 96% ಅಂಕ ಬೀಳುತ್ತದೆ! ಮಾಲಕರಿಗೆ ಬೇಕಾದದ್ದು ಬೇರೆ ಎರಡು ಅಂಕಿ: ಕೆಟ್ಟ 40ರಲ್ಲಿ ಎಷ್ಟು ಹಿಡಿದೆ, ಒಳ್ಳೆಯ 960ರಲ್ಲಿ ಎಷ್ಟಕ್ಕೆ ಸುಮ್ಮನೆ ಕೆಂಪು ಬಣ್ಣ ಹಚ್ಚಿದೆ. 36 ಹಿಡಿದು, ಒಳ್ಳೆಯದರಲ್ಲಿ 5% ತಪ್ಪಾಗಿ ತೆಗೆದಿಟ್ಟರೆ 48 ಒಳ್ಳೆಯ ಎರಕ ಬದಿಗೆ ಬಿದ್ದಂತಾಯಿತು. ತೆಗೆದಿಟ್ಟ 84ರಲ್ಲಿ ಅರ್ಧಕ್ಕಿಂತ ಹೆಚ್ಚು ಒಳ್ಳೆಯವೇ. ಆದರೂ ಉಪಯೋಗವಿಲ್ಲ ಎನ್ನಲಾರೆ. ಇನ್‌ಸ್ಪೆಕ್ಟರ್ ಸಾವಿರದ ಬದಲು 84ನ್ನು ನಿಧಾನವಾಗಿ ನೋಡಬಹುದು. ಕಷ್ಟ ಇರುವುದು ತಪ್ಪಿಸಿಕೊಂಡ ಆ 4ರಲ್ಲಿ. ಅವು ಪುಣೆಯ ಗಿರಾಕಿಯ ಲೈನಿಗೆ ಹೋಗಿ ಮುಟ್ಟಿದರೆ ಲುಕ್ಸಾನು ಎರಕದ ಕಿಲೋ ಲೆಕ್ಕದಲ್ಲಿ ಬರುವುದಿಲ್ಲ, ಇಡೀ ಲಾಟ್ ವಾಪಸ್ ಬರುತ್ತದೆ.

ನಿನಗೆ 99 ಬಂದದ್ದು ಹೇಗೆ ಎಂದು ಊಹಿಸಬಲ್ಲೆ. ಎಲ್ಲ ಫೋಟೋ ಒಂದು ಫೋಲ್ಡರಿಗೆ ಹಾಕಿ, ಕಂಪ್ಯೂಟರಿನಿಂದ 80–20 ಎಂದು ಕಲಸಿ, 80 ಭಾಗ ಕಲಿಸಲು, 20 ಭಾಗ ಪರೀಕ್ಷೆಗೆ ಹಂಚಿರುತ್ತೀ. ಒಂದೇ ಹೀಟಿನ, ಅಂದರೆ ಒಂದೇ ಸಲ ಕರಗಿಸಿದ ಕಬ್ಬಿಣದ, ಎರಕಗಳು ಒಡಹುಟ್ಟಿದವರ ಹಾಗೆ, ಮೋರೆ ಒಂದೇ. ಕಲಿಸಿದ್ದರಲ್ಲೂ ಪರೀಕ್ಷೆಯಲ್ಲೂ ಅವೇ ಬಂದರೆ ಮಾಡೆಲ್ ಕಲಿತಿದೆಯೋ ಬಾಯಿಪಾಠ ಮಾಡಿದೆಯೋ ತಿಳಿಯುವುದಿಲ್ಲ. ಫೋಟೋ ಲೆಕ್ಕದಲ್ಲಲ್ಲ, ಹೀಟ್ ನಂಬರಿನ ಲೆಕ್ಕದಲ್ಲಿ ಹಂಚು. ಪರೀಕ್ಷೆಗೆ ಇಟ್ಟ ಹೀಟಿನ ಒಂದು ಫೋಟೋ ಕೂಡ ಕಲಿಕೆಯೊಳಗೆ ಬರಬಾರದು. ಅಂಕಿ ಇಳಿಯುತ್ತದೆ, ಇಳಿಯಲಿ.

ಕ್ಯಾಮೆರಾದ್ದು ಶುದ್ಧ ಗಣಿತ. 5 ಮೆಗಾಪಿಕ್ಸೆಲ್ ಕ್ಯಾಮೆರಾದ ಅಗಲ 2,448 ಪಿಕ್ಸೆಲ್. 300 ಮಿ.ಮೀ. ಅಗಲದ ಎರಕ ಪೂರ್ತಿ ಹಿಡಿದರೆ ಒಂದು ಪಿಕ್ಸೆಲ್ಲಿಗೆ ಸುಮಾರು 0.12 ಮಿ.ಮೀ., ಅಂದರೆ 1 ಮಿ.ಮೀ. ತೂತಿಗೆ ಎಂಟು ಪಿಕ್ಸೆಲ್. ಇಷ್ಟು ಸಾಕು. ಆದರೆ ಅದೇ ಚಿತ್ರವನ್ನು ಮಾಡೆಲ್ಲಿಗೆ ಕೊಡುವಾಗ 640 ಪಿಕ್ಸೆಲ್ಲಿಗೆ ಕುಗ್ಗಿಸಿದರೆ ಆ ತೂತಿಗೆ ಉಳಿಯುವುದು ಎರಡೇ ಪಿಕ್ಸೆಲ್, ಕಂಡೂ ಕಾಣದಂತಾಗುತ್ತದೆ. ಕುಗ್ಗಿಸಬೇಡ, ಚಿತ್ರವನ್ನು ತುಂಡು ಮಾಡಿ, ಅಂಚುಗಳು ಒಂದರ ಮೇಲೊಂದು ಸ್ವಲ್ಪ ಬರುವಂತೆ ಇಟ್ಟು, ಒಂದೊಂದಾಗಿ ಕೊಡು. ಬೆಳಕನ್ನು ಪಕ್ಕದಿಂದ, ತಗ್ಗಿನ ಕೋನದಲ್ಲಿ ಬೀಳಿಸು. ಬ್ಲೋಹೋಲ್ (ಗಾಳಿ ಸಿಕ್ಕಿ ಆದ ತೂತು) ಗೊತ್ತಾಗುವುದು ಅದರ ನೆರಳಿನಿಂದ. ಮೇಲಿನಿಂದ ಎಲ್ಲ ಕಡೆ ಸಮವಾಗಿ ಬೆಳಕು ಸುರಿದರೆ ನೆರಳೂ ಹೋಯಿತು, ತೂತೂ ಹೋಯಿತು. ಕ್ಯಾಮೆರಾದ ಸ್ಟ್ಯಾಂಡ್, ಅಚ್ಚನ್ನು ಅಲುಗಿಸಿ ಒಡೆಯುವ ಶೇಕ್‌ಔಟ್‌ನಿಂದ ದೂರ, ಬೇರೆ ಪಾಯದ ಮೇಲೆ ಇರಲಿ. ಕಂಪ್ಯೂಟರಿಗೆ ಮುಚ್ಚಿದ ಪೆಟ್ಟಿಗೆ ಬೇಕೇ ಬೇಕು. ಕಬ್ಬಿಣದ ಧೂಳಿನಲ್ಲಿ ಕರೆಂಟ್ ಹರಿಯುತ್ತದೆ, ಬೋರ್ಡಿನ ಮೇಲೆ ಕೂತರೆ ಶಾರ್ಟ್. ಇಂಡಕ್ಷನ್ ಫರ್ನೇಸಿನ ಲೈನಿನಲ್ಲಿ ಹಾರ್ಮೋನಿಕ್ಸ್ (ಕರೆಂಟಿನ ಅಲೆಯ ಏರುಪೇರು) ಭಾಳ, ಆನ್‌ಲೈನ್ ಯುಪಿಎಸ್ ಇಲ್ಲದೆ ಕೂಡಿಸಬೇಡ.

ಕೂಡಿಸುವುದು ಶಾಟ್ ಬ್ಲಾಸ್ಟ್ (ಉಕ್ಕಿನ ಗುಂಡು ಹೊಡೆದು ಮೈ ಸ್ವಚ್ಛ ಮಾಡುವುದು), ಫೆಟ್ಲಿಂಗ್ (ಹೆಚ್ಚಾದ ಅಂಚು ತೆಗೆಯುವುದು) ಆದ ಮೇಲೆ, ಪ್ರೈಮರ್ ಹೊಡೆಯುವ ಮೊದಲು. ಮೈಯೆಲ್ಲ ಒಂದೇ ಬೂದು ಬಣ್ಣಕ್ಕೆ ಬಂದಿರುತ್ತದೆ. ಆದರೆ ಬ್ಲಾಸ್ಟ್ ಆದ ಬರಿಯ ಕಬ್ಬಿಣ ನಮ್ಮೂರ ಮಳೆಗಾಲದಲ್ಲಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ಏಪ್ರಿಲ್, ಮೇ ಫೋಟೋಗಳಿಂದಷ್ಟೇ ಕಲಿಸಿದ ಮಾಡೆಲ್ ಜುಲೈಯಲ್ಲಿ ತುಕ್ಕಿನ ಕಲೆಯನ್ನೆಲ್ಲ ಡಿಫೆಕ್ಟ್ ಎನ್ನುತ್ತದೆ, ಎರಡನೇ ದಿನಕ್ಕೆ ಯಾರೋ ವೈರ್ ಕಿತ್ತಿರುತ್ತಾರೆ. ಮಳೆಗಾಲದ ಫೋಟೋ ಇಲ್ಲದೆ ಪ್ರಾಜೆಕ್ಟ್ ಮುಗಿಯಿತು ಎನ್ನಬೇಡ.

ಲೇಬಲ್ ಹಾಕುವವ ನೀನಲ್ಲ, ಅಲ್ಲಿಯ ಹಳೆಯ ಇನ್‌ಸ್ಪೆಕ್ಟರ್. ಒಬ್ಬರಲ್ಲ, ಇಬ್ಬರು. ಅವೇ 200 ಎರಕಗಳನ್ನು ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ ನೋಡಲಿ. 20ರಲ್ಲಿ ಅವರವರೊಳಗೇ ಜಗಳವಿದ್ದರೆ ಅಲ್ಲಿ ಯಂತ್ರ ಏನು ತಾನೇ ಕಲಿತೀತು? ಮೊದಲು ಗಿರಾಕಿಯ ಡ್ರಾಯಿಂಗ್ ತೆಗೆಸಿ, ಯಾವ ಜಾಗದಲ್ಲಿ ಎಷ್ಟು ಮಿ.ಮೀ. ತನಕ ನಡೆಯುತ್ತದೆ ಎಂದು ಗೆರೆ ಹಾಕಿಸು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕ್ಯಾಮೆರಾ ಹಿಡಿಯುವುದು ಆಗಿಹೋದ ಲುಕ್ಸಾನನ್ನು. ಒಂದು ಟನ್ ಕಬ್ಬಿಣ ಕರಗಿಸಲು 600 ಯೂನಿಟ್ ಆಸುಪಾಸು ಕರೆಂಟ್ ಆಗಲೇ ಸುಟ್ಟಿರುತ್ತದೆ. ಮೇಲಾಗಿ ಸಿಪ್ಪೆಯ ಕೆಳಗಿನ ತೂತು ಯಾವ ಕ್ಯಾಮೆರಾಕ್ಕೂ ಕಾಣದು, ಲೋಹ ಹೆರೆಯುವ ಯಂತ್ರವಾದ ಸಿಎನ್‌ಸಿಯಲ್ಲಿ ಎರಡು ಮಿ.ಮೀ. ತೆಗೆದ ಮೇಲೆ ಹಲ್ಲು ಕಿರಿಯುತ್ತದೆ. ಆ ತೂತು ಯಾಕೆ ಬಂತು ಎಂದು ಹೇಳಬಲ್ಲವನಿಗೆ ಮಾಲಕರು ಪಗಾರ ಕೊಡುತ್ತಾರೆ. ಅಚ್ಚಿನ ಮರಳಿನಲ್ಲಿ ನೀರು ಹೆಚ್ಚಾಯಿತೋ, ಪರ್ಮಿಯಬಿಲಿಟಿ (ಮರಳು ಗಾಳಿ ಹೊರಬಿಡುವ ಗುಣ) ಬಿತ್ತೋ, ರಾತ್ರಿಯಿಡೀ ಬಿಚ್ಚಿಟ್ಟ ಕೋರ್ (ಎರಕದೊಳಗಿನ ಪೊಳ್ಳಿಗಾಗಿ ಇಡುವ ಮರಳಿನ ತಿರುಳು) ತೇವ ಹೀರಿತೋ? ಕೋಲ್ಡ್ ಶಟ್ (ಲೋಹದ ಎರಡು ಹರಿವು ಕೂಡದೆ ಉಳಿದ ಗೆರೆ) ಆದರೆ ಸುರಿಯುವಾಗ ಉಷ್ಣತೆ ಇಳಿದಿತ್ತೋ? ಇದಕ್ಕೆ ಬೇಕಾದ ಅಂಕಿಗಳು ಹೆಚ್ಚಿನ ಫೌಂಡ್ರಿಗಳಲ್ಲಿ ಇದ್ದೇ ಇವೆ, ಒಂದೆಡೆ ಇಲ್ಲ ಅಷ್ಟೇ. ಮರಳಿನದು ಸ್ಯಾಂಡ್ ಲ್ಯಾಬಿನ ವಹಿಯಲ್ಲಿ, ಲೋಹದಲ್ಲಿ ಏನೇನು ಎಷ್ಟಿದೆ ಎನ್ನುವ ಸ್ಪೆಕ್ಟ್ರೋ ರಿಪೋರ್ಟ್ ಮೆಲ್ಟಿಂಗ್ ಕಡೆ, ರಿಜೆಕ್ಷನ್ ಫೆಟ್ಲಿಂಗ್ ಕಾಂಟ್ರಾಕ್ಟರನ ಚೀಟಿಯಲ್ಲಿ. ಮೂರಕ್ಕೂ ಸಾಮಾನ್ಯವಾದದ್ದು ಹೀಟ್ ನಂಬರ್, ಮೋಲ್ಡ್ ಮಾಡಿದ ಹೊತ್ತು. ಎರಕದ ಮೇಲೆ ಹೀಟ್ ಕೋಡ್ ಸರಿಯಾಗಿ ಮೂಡುತ್ತದೆಯೇ ನೋಡು. ಅದು ಅಳಿಸಿದ್ದರೆ ಮುಂದಿನದೆಲ್ಲ ವ್ಯರ್ಥ. ಮೂರು ತಿಂಗಳ ವಹಿಗಳನ್ನು ಒಂದೇ ಎಕ್ಸೆಲ್ ಹಾಳೆಗೆ ತಂದರೆ, ಎಐ ಬಿಡು, ಅಂಕಿಗಳನ್ನು ಗುಂಪು ಮಾಡಿ ತೋರಿಸುವ ಒಂದು ಪಿವೋಟ್ ಟೇಬಲ್ಲೇ ಅರ್ಧ ಕಥೆ ಹೇಳುತ್ತದೆ.

ಇಷ್ಟಾದರೂ ಚಿತ್ರದ ಮೇಲೆಯೇ ಕೆಲಸ ಬೇಕು ಎನ್ನುವುದಾದರೆ ಲ್ಯಾಬಿನ ಮೈಕ್ರೋಸ್ಕೋಪ್ ಹಿಡಿ. ಎಸ್‌ಜಿ ಕಬ್ಬಿಣದಲ್ಲಿ (ಒಳಗಿನ ಗ್ರಾಫೈಟ್ ಗುಂಡಗಾಗಲೆಂದು ಮೆಗ್ನೀಷಿಯಂ ಕೊಟ್ಟದ್ದು) ಗ್ರಾಫೈಟ್ ಎಷ್ಟು ಗುಂಡಗಿದೆ ಎಂಬುದನ್ನು 100 ಪಟ್ಟು ದೊಡ್ಡದು ಮಾಡಿ, ಚಾರ್ಟಿನ ಪಕ್ಕ ಇಟ್ಟು, ಕಣ್ಣಂದಾಜಿನಲ್ಲಿ ಬರೆಯುವುದು ಹಳೆಯ ರೂಢಿ. ಒಬ್ಬರು 80% ಎಂದರೆ ಇನ್ನೊಬ್ಬರು 90% ಎನ್ನುತ್ತಾರೆ. ಇಲ್ಲಿ ಧೂಳಿಲ್ಲ, ಮಳೆಯಿಲ್ಲ, ಬೆಳಕು ಬದಲಾಗದು. ಸ್ಯಾಂಪಲ್ ಪಾಲಿಶ್ ಆಗಿರಲಿ, ಎಚ್ ಮಾಡಬೇಡ, ಅಂದರೆ ಆಮ್ಲ ಹಚ್ಚಬೇಡ. 10 ಮೈಕ್ರಾನ್‌ಗಿಂತ ಚಿಕ್ಕ ಚುಕ್ಕಿ ಬಿಡು, ಚೌಕಟ್ಟಿನ ಅಂಚಿನಲ್ಲಿ ಕತ್ತರಿಸಿದ್ದನ್ನು ಎಣಿಸಬೇಡ. ಪಾಲಿಶ್ ಮಾಡುವಾಗ ಗ್ರಾಫೈಟ್ ಕಿತ್ತುಹೋದ ಕುಳಿಯೂ ಕಪ್ಪಾಗಿ ಕಾಣುತ್ತದೆ, ಮಾಡೆಲ್ ಮೋಸ ಹೋಗುವುದು ಅಲ್ಲೇ. ಮೆಗ್ನೀಷಿಯಂ ಕೊಟ್ಟ ಮೇಲೆ ಹತ್ತು ನಿಮಿಷದೊಳಗೆ ಸುರಿಯದಿದ್ದರೆ ಅದರ ಬಲ ಇಳಿಯುತ್ತದೆ. ಕೊನೆಯ ಮೋಲ್ಡಿನ ಸ್ಯಾಂಪಲ್ಲನ್ನು ಬಿಡದೆ ತರಿಸು.

ಇನ್ನು ಬೆಂಗಳೂರು. ಕಲಿಯಲು ಅಲ್ಲಿ ಜನ ಹೆಚ್ಚು, ಹೋಗಬೇಡ ಎನ್ನಲಾರೆ. ಆದರೆ ಹೊಸಬರಿಗೆ ಕೊಡುತ್ತಿದ್ದ ಚಿಕ್ಕಪುಟ್ಟ ಕೋಡಿಂಗ್, ಟೆಸ್ಟಿಂಗ್ ಕೆಲಸಕ್ಕೇ ಎಐ ಮೊದಲು ಕೈಹಾಕಿದೆ. ಹಳಬರೂ ನಿಶ್ಚಿಂತರಲ್ಲ: 2025ರ ಜುಲೈಯಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು, ಅಂದರೆ 2% ನೌಕರರನ್ನು, ಕಡಿಮೆ ಮಾಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ದರ್ಜೆಯವರು. ಕಂಪನಿ ಕೊಟ್ಟ ಕಾರಣ ಎಐ ಅಲ್ಲ, ಕೌಶಲ ಹೊಂದುತ್ತಿಲ್ಲ ಎಂಬುದು.

ನಮ್ಮ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಮೊದಲು ಬದಲಾಗುವುದು ಫರ್ನೇಸಿನ ಮುಂದಿನ ಕೆಲಸವಲ್ಲ, ಆಫೀಸಿನ ಟೇಬಲ್ಲು: ಕೊಟೇಶನ್, ಇನ್‌ವಾಯ್ಸ್, ಗಿರಾಕಿಗೆ ಇಂಗ್ಲಿಷ್ ಇ-ಮೇಲ್, ಕಂಪ್ಲೇಂಟ್ ಬಂದಾಗ ಮೂಲಕಾರಣ, ಪರಿಹಾರಗಳನ್ನು ಎಂಟು ಹಂತದಲ್ಲಿ ಬರೆಯುವ 8ಡಿ ರಿಪೋರ್ಟ್. ಚಾಟ್‌ಜಿಪಿಟಿಯಂಥದ್ದು 8ಡಿಯನ್ನು ಸೊಗಸಾಗಿ ಬರೆದುಕೊಡುತ್ತದೆ, ಇಲ್ಲದ ಮೂಲಕಾರಣವನ್ನೂ ಸೇರಿಸಿ. ಆಡಿಟರ್ ಆ ದಿನದ ಮರಳಿನ ವಹಿ ಕೇಳಿದರೆ ಮುಗಿಯಿತು. ಇನ್ನೊಂದು, ಗಿರಾಕಿಯ ಡ್ರಾಯಿಂಗನ್ನು ಪುಕ್ಕಟೆ ಎಐಗೆ ಎಂದೂ ಏರಿಸಬೇಡ. ಗುಟ್ಟು ಕಾಯುವ ಒಪ್ಪಂದಕ್ಕೆ ಮಾಲಕರ ಸಹಿ ಬಿದ್ದಿರುತ್ತದೆ. ಹತ್ತರಗಿಯ ಏರೋಸ್ಪೇಸ್ ಕಡೆ ಕೆಲಸ ಹುಡುಕುವುದಾದರೆ ಇದನ್ನು ಇನ್ನೂ ಬಿಗಿಯಾಗಿ ಹಿಡಿ.

ಕಬ್ಬಿನ ಫ್ಯಾಕ್ಟರಿಗೆ ಉಪಗ್ರಹದಿಂದ ಇಳುವರಿ ಅಂದಾಜು ಮಾಡುವ ನಿನ್ನ ಗೆಳೆಯನಿಗೂ ಒಂದು ಮಾತು ತಿಳಿಸು. ಸೆಂಟಿನೆಲ್-2 ಉಪಗ್ರಹದ ಪಿಕ್ಸೆಲ್ 10 ಮೀಟರ್. ಒಂದು ಎಕರೆಗೆ ಬರುವುದು 40 ಪಿಕ್ಸೆಲ್, ಅದರಲ್ಲಿ ಬದುವಿನ ಮೇಲಿನವನ್ನು ಕಳೆಯಬೇಕು. ಮೋಡದ ತಿಂಗಳುಗಳಲ್ಲಿ ಮೋಡ ದಾಟಿ ನೋಡುವ ಸೆಂಟಿನೆಲ್-1ರ ರೇಡಾರ್ ಬೇಕು. ಕೂಳೆ ಕಬ್ಬು, ಹೊಸ ನಾಟಿ ಬೇರೆ ಬೇರೆ ಗುರುತಿಸದಿದ್ದರೆ ಟನ್ನಿನ ಲೆಕ್ಕ ತಪ್ಪುತ್ತದೆ.

ಬರುವ ವಾರ ಬಾ, ಇಲ್ಲಿಯ ಒಂದು ಫೌಂಡ್ರಿಯಲ್ಲಿ ಮಾತಾಡಿಟ್ಟಿದ್ದೇನೆ. ಕ್ಯಾಮೆರಾ ತರಬೇಡ. ಲ್ಯಾಪ್‌ಟಾಪ್, ಸೇಫ್ಟಿ ಶೂ ಸಾಕು. ಬೆಳಗಿನ ಪಾಳಿಗೆ ಸ್ಯಾಂಡ್ ಲ್ಯಾಬಿನಲ್ಲಿ ಹಾಜರಿರು, ವಹಿ ಕೇಳುವ ಮೊದಲು ಅಲ್ಲಿಯವರಿಗೆ ಯಾಕೆ ಬೇಕೆಂದು ಬಿಡಿಸಿ ಹೇಳು. ಅಕ್ಕನಿಗೆ, ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ
ಸೋದರಮಾವ