ಮಳೆಗೆ ಮುನ್ನ ಕಿಟಕಿ ಬೀಡಿಂಗ್ ನೋಡಿ

ಮಾನ್ಯರೇ,

ಮಳೆಗಾಲಕ್ಕೆ ಮುನ್ನ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯ ಟೈರು, ಬ್ರೇಕು ನೋಡಿಸುವ ಮಲೆನಾಡಿನವರು ಕಿಟಕಿ ಗಾಜಿನ ಹೊರಗಿನ ಬೀಡಿಂಗ್ ಅನ್ನೂ, ಅಂದರೆ ಗಾಜು ಬಾಗಿಲೊಳಗೆ ಇಳಿಯುವಲ್ಲಿರುವ ರಬ್ಬರ್ ಅಂಚಿನ ಪಟ್ಟಿಯನ್ನೂ, ಗಮನಿಸಬೇಕು. ಬಿಸಿಲಿಗೆ ಗಡುಸಾಗಿ ಬಿರಿದ ರಬ್ಬರ್ ಬಾಗಿಲೊಳಗೆ ನೀರಿಳಿಸುತ್ತದೆ. ಆ ನೀರು ಹೊರಹೋಗಲು ಬಾಗಿಲಿನ ತಳದಲ್ಲಿರುವ ರಂಧ್ರಗಳಲ್ಲಿ ಕೆಸರು ಕಟ್ಟಿದ್ದರೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಬಿರಿದ ರಬ್ಬರಿಗೆ ಪಾಲಿಶ್ ಮದ್ದಲ್ಲ, ಬದಲಿಸಲೇಬೇಕು. ರಬ್ಬರ್ ಮೆತ್ತಗಿದ್ದು ಪಟ್ಟಿಯ ಕಪ್ಪು ಬಣ್ಣ ಮಾತ್ರ ಹೋಗಿದ್ದರೆ ಉಳಿಸಬಹುದು. ಗಾಜು ಪೂರ್ತಿ ಇಳಿಸಿ, ಬಾಗಿಲಿನ ಬಣ್ಣದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ತುದಿಯಲ್ಲಿ ಸ್ಕ್ರೂ ಇದ್ದರೆ ಬಿಚ್ಚಿ. ಚಪ್ಪಟೆ ಪ್ಲಾಸ್ಟಿಕ್ ಸಲಾಕೆಯಿಂದ ಬೀಡಿಂಗ್ ಅನ್ನು ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಮೇಲೆತ್ತಬೇಕು. ಒಂದೇ ತುದಿ ಹಿಡಿದು ಎಳೆದರೆ ಒಳಗಿನ ತಗಡು ಮಡಚಿಕೊಂಡು ಮತ್ತೆ ನೆಟ್ಟಗಾಗುವುದಿಲ್ಲ. ಸೋಪುನೀರಲ್ಲಿ ತೊಳೆದು, 400, ಆಮೇಲೆ ಇನ್ನೂ ನಯವಾದ 600 ನಂಬರಿನ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಹಳೆಯ ಸಿಲಿಕೋನ್ ಪಾಲಿಶ್ ಉಳಿದಿದ್ದರೆ ಹೊಸ ಬಣ್ಣದಲ್ಲಿ ಗುಳಿ ಬೀಳುತ್ತವೆ. ಗಾಜಿಗೆ ತಾಗುವ ಅಂಚಿಗೆ ಟೇಪ್ ಸುತ್ತಿ, ಲೋಹ ಕಂಡಲ್ಲಿ ಪ್ರೈಮರ್ ಹೊಡೆದು, ಮ್ಯಾಟ್ ಕಪ್ಪು ಸ್ಪ್ರೇ ಮೂರು ತೆಳು ಪದರ ಕೊಡಿ. ನಡುವೆ 10–15 ನಿಮಿಷ ಬಿಡುವಿರಲಿ.

ಹೊಳಪಿಗೆಂದು ಡೀಸೆಲ್ ಒರೆಸುವ ಪದ್ಧತಿಯನ್ನು ಗ್ಯಾರೇಜಿನವರು ದಯವಿಟ್ಟು ಬಿಡಬೇಕು. ಅದರಿಂದ ರಬ್ಬರ್ ಊದಿಕೊಳ್ಳುತ್ತದೆ, ಅಂಟಿದ ಧೂಳು ಗಾಜನ್ನು ಗೀರುತ್ತದೆ.

– ಓದುಗ, ಸಕಲೇಶಪುರ