ಮಗು ಗಮನ ಕೊಡಲಿಲ್ಲ ಎಂದು ಹಣ ವಾಪಸ್ ಕೊಡದ ನ್ಯೂರೋಫೀಡ್‌ಬ್ಯಾಕ್ ಕೇಂದ್ರಕ್ಕೆ

ಇವರಿಗೆ,
ವ್ಯವಸ್ಥಾಪಕರು,
ನ್ಯೂರೋಫೀಡ್‌ಬ್ಯಾಕ್ ಚಿಕಿತ್ಸಾ ಕೇಂದ್ರ

ವಿಷಯ: ಒಪ್ಪಂದದ 7ನೇ ಅಂಶದ ಪ್ರಕಾರ ಬಾಕಿ ಸೆಷನ್‌ಗಳ ಹಣ ಕೊಡದಿರುವುದು, ಮತ್ತು ನನ್ನ ಮಗನನ್ನು ಎಲ್ಲರ ಮುಂದೆ ಅವಮಾನ ಮಾಡಿದ್ದು.

ಮಾನ್ಯರೇ,

ಫೋನಿನಲ್ಲಿ ಮಾತಾಡಿ ಸಾಕಾಗಿದೆ. ಪ್ರತಿ ಸಲವೂ ‘ನಾವೇ ಕಾಲ್ ಮಾಡ್ತೀವಿ ಮೇಡಂ’ ಎನ್ನುತ್ತಾರೆ. ಮೊನ್ನೆ ನಿಜವಾಗಿಯೂ ಕಾಲ್ ಬಂತು. ಈ ಪ್ಯಾಕೇಜ್ ಮುಗಿಯುವ ಮೊದಲೇ ಇನ್ನೊಂದು ತೆಗೆದುಕೊಂಡರೆ ರಿಯಾಯಿತಿ ಇದೆಯಂತೆ! ಫೋನ್ ಇಟ್ಟ ಮೇಲೆ ಈ ಪತ್ರ ಬರೆಯಲು ಕೂತೆ.

7ನೇ ಅಂಶ ನಿಮಗೆ ಗೊತ್ತಿರಲೇಬೇಕು, ಬರೆದವರು ನೀವೇ. ಅರ್ಧ ಪ್ಯಾಕೇಜ್ ಮುಗಿದಾಗ ಪರಿಶೀಲನೆ ಮಾಡಬೇಕು. ಪೋಷಕರು ಮತ್ತು ಟೀಚರ್ ತುಂಬಿದ ವ್ಯಾಂಡರ್‌ಬಿಲ್ಟ್ ಫಾರ್ಮ್‌ಗಳಲ್ಲಿ (ಮಗುವಿನ ಲಕ್ಷಣಗಳಿಗೆ ಅಂಕ ಕೊಡುವ ಪ್ರಶ್ನಾವಳಿ) ಬದಲಾವಣೆ ಕಾಣದಿದ್ದರೆ ಉಳಿದ ಹಣ ವಾಪಸ್. ಆ ಫಾರ್ಮಿನ ಮೊದಲ 18 ಪ್ರಶ್ನೆಗಳು ಎಡಿಎಚ್‌ಡಿಯವು, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ಸಮಸ್ಯೆಯವು. 9 ಗಮನದ ಬಗ್ಗೆ, 9 ಚಡಪಡಿಕೆ ಮತ್ತು ಆತುರದ ಬಗ್ಗೆ. 0ಯಿಂದ 3ರವರೆಗೆ ಅಂಕ. ನಾನು ತುಂಬಿದ ಫಾರ್ಮ್‌ನಲ್ಲೂ ಬದಲಾವಣೆ ಇಲ್ಲ, ಟೀಚರ್ ತುಂಬಿದ್ದರಲ್ಲೂ ಇಲ್ಲ. ನಿಮ್ಮ ಬಣ್ಣದ ಗ್ರಾಫ್ ನೋಡಿ ತೀರ್ಮಾನ ಮಾಡುತ್ತೇವೆ ಎಂದು 7ನೇ ಅಂಶದಲ್ಲಿ ಎಲ್ಲಿಯೂ ಬರೆದಿಲ್ಲ. ಮತ್ತೆ ಮತ್ತೆ ಓದಿದ್ದೇನೆ.

ನಾನು ಮಾತ್ರೆಯ ವಿರೋಧಿ ಅಲ್ಲ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆಯಿಂದ ಮಗನಿಗೆ ತರಗತಿಯಲ್ಲಿ ಕೂರಲು ಸಾಧ್ಯವಾಗಿತ್ತು. ಆದರೆ ಹಸಿವು ಹೋಯಿತು, ನಿದ್ದೆ ತಡವಾಯಿತು. ಬೇರೆ ದಾರಿ ಏನಾದರೂ ಇದೆಯಾ ಎಂದು ಹುಡುಕುತ್ತಾ ನಿಮ್ಮಲ್ಲಿಗೆ ಬಂದೆ. ತಲೆಗೆ ಸೆನ್ಸರ್ ಇಡುತ್ತಾರೆ, ಮಿದುಳಿನ ಅಲೆ ಸರಿಯಾದಾಗ ಪರದೆಯ ಮೇಲಿನ ರಾಕೆಟ್ ಹಾರುತ್ತದೆ, ಹಾಗೆ ಮಿದುಳು ತಾನೇ ಕಲಿಯುತ್ತದೆ ಎಂದಿರಿ. ಕೇಳಲು ಚೆನ್ನಾಗಿತ್ತು.

ಈಗ ಆ ಪರಿಶೀಲನೆಯ ವಿಷಯಕ್ಕೆ ಬರುತ್ತೇನೆ. ನೀವು ಅಲ್ಲಿರಲಿಲ್ಲ, ಹಾಗಾಗಿ ಪೂರ್ತಿ ಕೇಳಬೇಕಾಗುತ್ತದೆ.

ಪರಿಶೀಲನೆ ಎಂದರೆ ಒಂದು ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ ಎಂದುಕೊಂಡಿದ್ದೆ. ನಿಮ್ಮ ಥೆರಪಿಸ್ಟ್ ರಿಸೆಪ್ಷನ್‌ನಲ್ಲಿರುವ ದೊಡ್ಡ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿದರು. ಅಲ್ಲಿ ಕಾಯುತ್ತಿದ್ದವರೆಲ್ಲರಿಗೂ ನನ್ನ ಮಗನ ಮಿದುಳು ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ಕಾಣಿಸಿತು. ಮಗ ನನ್ನ ಪಕ್ಕದಲ್ಲೇ ಇದ್ದ. ‘ನೋಡಿ, ಥೀಟಾ-ಬೀಟಾ ಅನುಪಾತ ಎಷ್ಟು ಇಳಿದಿದೆ! ತುಂಬಾ ಸುಧಾರಿಸಿದ್ದಾನೆ’ ಎಂದರು. ಥೀಟಾ ಮಿದುಳಿನ ನಿಧಾನದ ಅಲೆ, ಬೀಟಾ ವೇಗದ ಅಲೆ; ಅನುಪಾತ ಇಳಿದರೆ ಗಮನ ಹೆಚ್ಚಿದೆ ಎಂಬುದು ನಿಮ್ಮವರ ಲೆಕ್ಕ. ನಾನು ಟೀಚರ್ ತುಂಬಿದ ಫಾರ್ಮ್ ಮುಂದಿಟ್ಟೆ. ಅದನ್ನು ತಿರುಗಿಸಿ ಹಿಂಭಾಗ ನೋಡಿದರು. ಹಿಂಭಾಗ ಖಾಲಿ ಇತ್ತು. ಹಾಗೇ ಬೋರಲಾಗಿ ಮೇಜಿನ ಮೇಲಿಟ್ಟು, ಅದರ ಮೇಲೆ ತಮ್ಮ ನೀರಿನ ಬಾಟಲಿ ಇಟ್ಟರು.

‘ಟೀಚರ್‌ಗಳಿಗೆ ಮಿದುಳು ಕಾಣಿಸಲ್ಲ ಮೇಡಂ.’

‘ಅವರಿಗೆ ಇವನ ನೋಟ್‌ಬುಕ್ ಕಾಣಿಸುತ್ತೆ’ ಎಂದೆ.

‘ಮನೆಯಲ್ಲಿ ಮೊಬೈಲ್ ಕೊಡ್ತೀರಾ?’

‘ರಜೆ ದಿನ ಸ್ವಲ್ಪ ಹೊತ್ತು.’

‘ಅದೇ ನೋಡಿ.’ ಪೆನ್ನಿನ ಮುಚ್ಚಳ ತೆಗೆದು ಬರೆದುಕೊಂಡರು. ‘ನೀವು ಕೆಲಸಕ್ಕೆ ಹೋಗ್ತೀರಾ?’

ಹೌದು ಎಂದೆ. ಅದನ್ನೂ ಬರೆದುಕೊಂಡರು. ಅವನ ಅಪ್ಪನೂ ಕೆಲಸಕ್ಕೆ ಹೋಗುತ್ತಾರೆ. ಅದನ್ನು ಯಾರೂ ಕೇಳಲಿಲ್ಲ.

ಆಮೇಲೆ ಕುರ್ಚಿ ತಿರುಗಿಸಿ ಮಗನ ಕಡೆ ಬಗ್ಗಿದರು. ‘ನೀನು ಸೆಷನ್‌ನಲ್ಲಿ ಸರಿಯಾಗಿ ಗಮನ ಕೊಟ್ಟಿದ್ರೆ ಅಮ್ಮ ಹೀಗೆ ಬಂದು ಕಂಪ್ಲೇಂಟ್ ಮಾಡ್ತಿದ್ರಾ? ಗಮನ ಕೊಡಲಿಲ್ಲ ಅಲ್ವಾ?’ ಮಗ ಹೌದೆಂದು ತಲೆಯಾಡಿಸಿದ. ಸೋಫಾದಲ್ಲಿ ಕೂತಿದ್ದ ಇನ್ನೊಂದು ಮಗು ನಕ್ಕಿತು. ‘ನೋಡಿದ್ರಾ, ಅವನೇ ಒಪ್ಕೊಂಡ’ ಎಂದು ನಿಮ್ಮ ಥೆರಪಿಸ್ಟ್ ಫೈಲ್ ಮುಚ್ಚಿದರು. ಮುಚ್ಚುವ ಮೊದಲು ಬರೆದದ್ದನ್ನು ನಾನು ಓದಿದೆ: ‘ಪೋಷಕರ ಸಹಕಾರ ಇಲ್ಲ.’ ಸಹಕಾರ ಇಲ್ಲದಿದ್ದರೆ 7ನೇ ಅಂಶ ಅನ್ವಯಿಸುವುದಿಲ್ಲ ಎಂದು ನಿಮ್ಮ ರಿಸೆಪ್ಷನ್‌ನವರು ಆಮೇಲೆ ಹೇಳಿದರು.

ಗಮನ ಕೊಡಲು ಆಗುವುದಿಲ್ಲ ಎಂದೇ ಮಗುವನ್ನು ನಿಮ್ಮ ಹತ್ತಿರ ಕರೆತಂದಿದ್ದು. ಚಿಕಿತ್ಸೆ ಫಲ ಕೊಡಲಿಲ್ಲ, ಯಾಕೆಂದರೆ ಮಗು ಗಮನ ಕೊಡಲಿಲ್ಲ. ಇದೇ ನಿಮ್ಮ ಉತ್ತರ. ಅದೂ ‘ತುಂಬಾ ಸುಧಾರಿಸಿದ್ದಾನೆ’ ಎಂದ ಐದೇ ನಿಮಿಷಕ್ಕೆ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆಕೆ ನೆಲವನ್ನು ಮಾತ್ರ ಬೈದಳು. ನೀವು ನೆಲದ ಅಮ್ಮನನ್ನೂ ಬಿಡಲಿಲ್ಲ.

ಅನುಪಾತ ಯಾಕೆ ಇಳಿಯಿತು ಎಂದು ನನಗೆ ಗೊತ್ತು. ನಿಮಗೂ ಗೊತ್ತಿರಬೇಕಿತ್ತು. ಮನೆಗೆ ಹೋಗುವಾಗ ಮಗ ಹೇಳಿದ: ‘ಅಮ್ಮಾ, ಹಲ್ಲು ಕಚ್ಚಿ ಹಿಡಿದ್ರೆ ರಾಕೆಟ್ ಜೋರಾಗಿ ಹೋಗುತ್ತೆ.’ ದವಡೆ ಬಿಗಿ ಹಿಡಿದರೆ ಸ್ನಾಯುಗಳ ವಿದ್ಯುತ್ ಬೀಟಾ ಅಲೆಯ ಜೊತೆ ಬೆರೆತು ದಾಖಲಾಗುತ್ತದೆ. ಬೀಟಾ ಜಾಸ್ತಿಯಾದರೆ ಅನುಪಾತ ಇಳಿಯುತ್ತದೆ. ಇದು ಇಇಜಿ, ಅಂದರೆ ಮಿದುಳಿನ ಅಲೆಗಳ ರೆಕಾರ್ಡಿಂಗ್, ಕಲಿಯುವವರಿಗೆ ಮೊದಲೇ ಹೇಳಿಕೊಡುವ ವಿಷಯ. ನಿದ್ದೆಯ ಮಂಪರಿದ್ದರೆ ಥೀಟಾ ಏರುತ್ತದೆ ಎಂಬುದೂ ಹಾಗೆಯೇ. ಮೊದಲ ರೆಕಾರ್ಡಿಂಗ್ ದಿನ ಮಗ ಆಕಳಿಸುತ್ತಿದ್ದ, ನಾನು ಹೇಳಿಯೂ ಇದ್ದೆ. ಅಂದರೆ ನೀವು ಅಳೆದದ್ದು ಒಂದು ಆಕಳಿಕೆ ಮತ್ತು ಒಂದು ದವಡೆ. ಅಷ್ಟು ಸೂಕ್ಷ್ಮವಾಗಿ ನಿಮ್ಮ ಯಂತ್ರಕ್ಕೆ ಮೋಸ ಮಾಡಿದ ಮಗುವಿಗೆ ಗಮನ ಇಲ್ಲ ಎನ್ನುತ್ತೀರಿ.

ನಿಮ್ಮ ಗೋಡೆಯ ಮೇಲೆ ‘ವಿಜ್ಞಾನ ಸಾಬೀತು ಮಾಡಿದೆ’ ಎಂದಿದೆ. ಕೆಳಗೆ 1960ರ ದಶಕದಲ್ಲಿ ಬೆಕ್ಕುಗಳ ಮೇಲೆ ನಡೆದ ಪ್ರಯೋಗದ ಚಿತ್ರ. ಬೆಕ್ಕುಗಳಿಗೆ ಶುಭವಾಗಲಿ. ಮಕ್ಕಳದ್ದನ್ನೂ ಪಕ್ಕದಲ್ಲಿ ಅಂಟಿಸಿ. 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 7ರಿಂದ 10 ವರ್ಷದ ಮಕ್ಕಳಿದ್ದರು. ಒಂದು ಗುಂಪಿಗೆ ಅವರದೇ ಅಲೆಗಳಿಂದ ಆಟ ನಡೆಯಿತು. ಇನ್ನೊಂದು ಗುಂಪಿಗೆ ಮೊದಲೇ ರೆಕಾರ್ಡ್ ಮಾಡಿದ್ದ ಬೇರೆ ಮಗುವಿನ ಅಲೆ ಬಳಸಿದರು. ಎರಡೂ ಗುಂಪಿನವರು ಒಂದೇ ಥರ ಸುಧಾರಿಸಿದರು. 2024ರ ಡಿಸೆಂಬರ್‌ನಲ್ಲಿ ಜಾಮಾ ಸೈಕಿಯಾಟ್ರಿ ಪತ್ರಿಕೆಯಲ್ಲಿ 38 ಪ್ರಯೋಗಗಳನ್ನು ಸೇರಿಸಿ ನೋಡಿದ ವರದಿ ಬಂತು. ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿತು ಎಂದು ಗೊತ್ತಿಲ್ಲದವರು ಅಂಕ ಕೊಟ್ಟಾಗ, ಒಟ್ಟಾರೆ ಎಡಿಎಚ್‌ಡಿ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಈ ಅನುಪಾತ ನೋಡಿ ಎಡಿಎಚ್‌ಡಿ ಖಚಿತಪಡಿಸಬೇಡಿ ಎಂದು ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2016ರಲ್ಲೇ ಹೇಳಿದೆ. ನಿಮ್ಮಲ್ಲಿ ಮೊದಲ ದಿನ ಅದೇ ಅನುಪಾತ ತೋರಿಸಿ ‘ಗಂಭೀರ ಎಡಿಎಚ್‌ಡಿ’ ಎಂದರು.

ಇನ್ನೊಂದು ವಿಷಯವನ್ನು ಕೊನೆಗೆ ಇಟ್ಟಿದ್ದೇನೆ, ಚಿಕ್ಕದು ಅಂತಲ್ಲ. ‘ಮಾತ್ರೆ ನಿಲ್ಲಿಸಿ, ಇಲ್ಲದಿದ್ದರೆ ಮಿದುಳು ಕಲಿಯಲ್ಲ’ ಎಂದು ನಿಮ್ಮ ಥೆರಪಿಸ್ಟ್ ನನಗೆ ಮೆಸೇಜ್ ಮಾಡಿದ್ದಾರೆ. ಅವರು ಡಾಕ್ಟರ್ ಅಲ್ಲ. ವೈದ್ಯರು ಕೊಟ್ಟ ಔಷಧಿಯಲ್ಲಿ ಕೈಹಾಕುವುದಿಲ್ಲ ಎಂದು ನಿಮ್ಮ ಒಪ್ಪಂದದ ಮೊದಲ ಪುಟದಲ್ಲೇ ಇದೆ. ನಾನು ಮಾತ್ರೆ ನಿಲ್ಲಿಸಲಿಲ್ಲ, ಡಾಕ್ಟರ್ ಹತ್ತಿರ ಮಾತಾಡಿ ಪ್ರಮಾಣ ಮತ್ತು ಸಮಯ ಬದಲಾಯಿಸಿಕೊಂಡೆ. ಈಗ ಊಟ ಮಾಡುತ್ತಾನೆ. ಆದರೆ ಆ ಮೆಸೇಜ್ ಇನ್ನೂ ನನ್ನ ಫೋನಿನಲ್ಲಿದೆ.

ಹಣ ಬೇಕು, ಹೌದು. ಆದರೆ ಈಗ ಅದಷ್ಟೇ ಸಾಲದು. ಫೈಲಿನಲ್ಲಿ ಬರೆದ ಆ ಸಾಲನ್ನು ಹೊಡೆದು ಹಾಕಿ, ಸಹಿ ಮಾಡಿದ ಪ್ರತಿ ಕಳಿಸಿ. ಮಗನ ಎಲ್ಲ ರೆಕಾರ್ಡಿಂಗ್‌ಗಳ ಮೂಲ ಫೈಲ್‌ಗಳನ್ನೂ ಕೊಡಿ, ಬಣ್ಣದ ಚಿತ್ರ ಬೇಡ. ದವಡೆ ಬಿಗಿ ಹಿಡಿದ ಗುರುತನ್ನು ಇಇಜಿ ಓದಬಲ್ಲ ನರರೋಗ ತಜ್ಞರು ಹುಡುಕುತ್ತಾರೆ.

ನಿಮ್ಮದೇ ನಿಯಮದಲ್ಲಿರುವ 15 ದಿನದೊಳಗೆ ಇದು ಆಗದಿದ್ದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. ಮಾತ್ರೆಯ ಮೆಸೇಜ್ ವೈದ್ಯಕೀಯ ಮಂಡಳಿಗೆ ಹೋಗುತ್ತದೆ. ತೀರ್ಪು ಬರುವವರೆಗೆ ನಾನು ಸುಮ್ನೆ ಮನೆಯಲ್ಲಿ ಕೂರುವುದಿಲ್ಲ. ಬಾಕಿ ಸೆಷನ್‌ಗಳಿಗೆ ಹಣ ಕೊಟ್ಟಿದ್ದೇನೆ, ಸಮಯವೂ ಬುಕ್ ಆಗಿದೆ. ಮಗನನ್ನು ಕರೆತರುವುದಿಲ್ಲ, ನಾನೊಬ್ಬಳೇ ಬರುತ್ತೇನೆ. ನಿಮ್ಮ ಸೋಫಾದಲ್ಲಿ ಕೂತು, ಪಕ್ಕದಲ್ಲಿ ಬಂದು ಕೂರುವ ಪ್ರತಿಯೊಬ್ಬ ತಾಯಿಗೂ 7ನೇ ಅಂಶ ಓದಿ ಹೇಳುತ್ತೇನೆ. ಹಲ್ಲು ಕಚ್ಚುವ ಉಪಾಯವನ್ನು ಅವರ ಮಕ್ಕಳಿಗೂ ಹೇಳಿಕೊಡುತ್ತೇನೆ.

ಇತಿ,
ನಿಮ್ಮ ಫೈಲಿನ ಪ್ರಕಾರ ಸಹಕಾರ ಕೊಡದ ತಾಯಿ