ಮಾತು ಬಾರದ ಮಕ್ಕಳಿಗೂ ಶಿಬಿರದ ಪಟ್ಟಿಯಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ವಿಕಲಚೇತನ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿ ನಡೆಯುವ ತಪಾಸಣೆ ಮತ್ತು ಸಾಧನ ಸಲಕರಣೆ ವಿತರಣಾ ಶಿಬಿರಗಳ ಸುದ್ದಿ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಿರುತ್ತದೆ. ಗಾಲಿಕುರ್ಚಿ, ಕ್ಯಾಲಿಪರ್, ಶ್ರವಣ ಸಾಧನ, ಕಲಿಕಾ ಕಿಟ್‌ಗಳು ಮಕ್ಕಳ ಕೈ ಸೇರುತ್ತಿರುವುದು ಸಂತೋಷವೇ. ಆದರೆ ತುಮಕೂರು ಜಿಲ್ಲೆಯಲ್ಲಿ ನಾನು ಕಂಡ ಶಿಬಿರಗಳಲ್ಲಿ, ಕಿವಿ ಕೇಳಿಸಿದರೂ, ಹೇಳಿದ್ದು ಅರ್ಥವಾದರೂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳು ಹತೋಟಿಗೆ ಬಾರದ ಸ್ಥಿತಿ) ಅಥವಾ ಆಟಿಸಂ ಕಾರಣದಿಂದ ಬಾಯಿಮಾತು ಬಾರದ ಮಗುವಿಗೆ ಮಾತಿನ ಬದಲು, ಚಿತ್ರ ಮುಟ್ಟಿ ತೋರಿಸಿ ಬೇಕಾದ್ದನ್ನು ತಿಳಿಸಲು ಒಂದು ಚಿತ್ರಫಲಕವನ್ನಾದರೂ ಕೊಟ್ಟದ್ದನ್ನು ನೋಡಲಿಲ್ಲ. ಗಾಲಿಕುರ್ಚಿ ಪಡೆದು ಮನೆಗೆ ಬಂದ ಮಗು, ಅದರಲ್ಲಿ ಕೂತು ಸೊಂಟ ನೋಯುತ್ತಿದೆ ಎಂದು ಹೇಳಲಾರದೆ ಅತ್ತರೆ, ಹಟ ಮಾಡುತ್ತಿದೆ ಎಂದು ಗದರಿಸಿಕೊಳ್ಳುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 17ನೇ ಕಲಮು, ಮಾತಿನ ತೊಂದರೆಯಿರುವವರ ದಿನನಿತ್ಯದ ಸಂವಹನಕ್ಕೆ ಪೂರಕ ಹಾಗೂ ಪರ್ಯಾಯ ವಿಧಾನಗಳನ್ನು ಪ್ರೋತ್ಸಾಹಿಸಬೇಕೆಂದೂ, ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಸೂಕ್ತ ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆಂದೂ ಹೇಳುತ್ತದೆ. ಉಚಿತ ಶಿಕ್ಷಣದ ಹಕ್ಕನ್ನು 6ನೇ ವಯಸ್ಸಿನಿಂದ ಲೆಕ್ಕ ಹಾಕಿರುವುದರಿಂದಲೋ ಏನೋ, ಆರು ತುಂಬುವವರೆಗೆ ಯಾರಿಗೂ ಅವಸರ ಕಾಣುವುದಿಲ್ಲ. ಮಗು ಭಾಷೆಯನ್ನು ಹೆಚ್ಚು ಕಲಿಯುವುದೇ ಅದಕ್ಕೆ ಮುಂಚಿನ ಅಂಗನವಾಡಿಯ ವರ್ಷಗಳಲ್ಲಿ.

ಮನೆಯವರೂ ಕಾಯುತ್ತಾರೆ. ಇವರಪ್ಪನಿಗೂ ತಡವಾಗಿಯೇ ಮಾತು ಬಂದದ್ದು ಎನ್ನುತ್ತ, ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತ ಎರಡು ಮೂರು ವರ್ಷ ಕಳೆದುಬಿಡುತ್ತದೆ. ಚಿತ್ರ ತೋರಿಸುವುದನ್ನು ಅಭ್ಯಾಸ ಮಾಡಿಸಿದರೆ ಮಗು ಸೋಮಾರಿಯಾಗಿ, ಬರುವ ಮಾತೂ ಬರದೆ ಹೋಗುತ್ತದೆ ಎಂಬ ಭಯ ಓದಿದವರಲ್ಲೂ ಇದೆ. ಈ ಭಯಕ್ಕೆ ಆಧಾರವಿಲ್ಲ. ಆವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಗಟ್ಟಿ ಪುರಾವೆಯಿದ್ದ 27 ಪ್ರಕರಣಗಳ ಪೈಕಿ ಒಂದರಲ್ಲೂ ಇಂಥ ವಿಧಾನಗಳಿಂದ ಮಾತು ಕಡಿಮೆಯಾಗಿರಲಿಲ್ಲ. ಶೇ 89ರಷ್ಟು ಪ್ರಕರಣಗಳಲ್ಲಿ ಅಷ್ಟೋ ಇಷ್ಟೋ ಹೆಚ್ಚಿತ್ತು.

ಸಾಧನವೆಂದರೆ ದುಬಾರಿ ಯಂತ್ರವೇ ಆಗಬೇಕಿಲ್ಲ. ಲ್ಯಾಮಿನೇಟ್ ಮಾಡಿಸಿದ ಚಿತ್ರಗಳ ಹಾಳೆ, ಒತ್ತಿದರೆ ಅಕ್ಕನ ದನಿಯಲ್ಲಿ ರೆಕಾರ್ಡ್ ಮಾಡಿಟ್ಟ ಮಾತು ಹೊರಡುವ ದೊಡ್ಡ ಗುಂಡಿ, ಚಿತ್ರ ಮುಟ್ಟಿದರೆ ಮಾತನಾಡುವ ಟ್ಯಾಬ್ಲೆಟ್ ಎಲ್ಲವೂ ಇದರಲ್ಲಿ ಬರುತ್ತವೆ. ಚೆನ್ನೈನಲ್ಲಿ ರೂಪುಗೊಂಡ ಆವಾಜ್, ಮುಂಬೈ ಐಐಟಿಯ ಜೆಲ್ಲೋ ಮುಂತಾದ ಆ್ಯಪ್‌ಗಳು ನಮ್ಮ ದೇಶದಲ್ಲೇ ತಯಾರಾದವು. ಕೈ ಸ್ವಾಧೀನದಲ್ಲಿಲ್ಲದ ಮಗು ಕಣ್ಣೋಟದಿಂದಲೇ ಚಿತ್ರ ಆರಿಸುವಂತೆಯೂ ಏರ್ಪಾಡು ಮಾಡಬಹುದು. ಟ್ಯಾಬ್ಲೆಟ್ ಇದ್ದರೂ ಅದೇ ಚಿತ್ರಗಳ ಹಾಳೆಯೊಂದು ಪಕ್ಕದಲ್ಲಿರಲೇಬೇಕು, ನಮ್ಮ ಕಡೆ ಕರೆಂಟಿನ ಕಥೆ ಗೊತ್ತಿದ್ದದ್ದೇ.

ಕಷ್ಟವಿರುವುದು ಕಲಿಸುವುದರಲ್ಲಿ. ಫಲಕವನ್ನು ಮಗುವಿನ ಮುಂದಿಟ್ಟು ‘ತೋರಿಸು, ತೋರಿಸು’ ಎಂದು ಪರೀಕ್ಷೆ ಮಾಡಿದರೆ ಅದು ಮುಖ ತಿರುಗಿಸುತ್ತದೆ. ಮಾತು ಬರುವ ಮಗುವಿನೊಡನೆ ಸುಮಾರು ಒಂದು ವರ್ಷ ಮಾತನಾಡಿದ ಮೇಲಷ್ಟೇ ಅದು ಬಾಯಿ ಬಿಡುವುದು. ಹಾಗೆಯೇ ದೊಡ್ಡವರು ತಾವು ಮಾತನಾಡುತ್ತಲೇ ಆಯಾ ಚಿತ್ರವನ್ನು ಮುಟ್ಟಿ ತೋರಿಸುತ್ತಿರಬೇಕು, ಆಮೇಲೆ ಸುಮ್ಮನೆ ಕಾಯಬೇಕು. ಸೆರೆಬ್ರಲ್ ಪಾಲ್ಸಿ ಇರುವ ನನ್ನ ಮೊಮ್ಮಗಳ ವಿಷಯದಲ್ಲಿ ಮನೆಯವರಿಗೆಲ್ಲ ಅತಿ ಕಷ್ಟವಾದದ್ದು ಈ ಕಾಯುವಿಕೆಯೇ. ಅವಳ ಕೈ ಚಿತ್ರದ ಬಳಿ ಹೋಗುವಷ್ಟರಲ್ಲಿ ಯಾರಾದರೊಬ್ಬರು ಉತ್ತರ ಹೇಳಿಬಿಡುತ್ತಿದ್ದರು. ಇನ್ನೊಂದು ಮಾತು: ಫಲಕದ ತುಂಬ ಅನ್ನ, ಹಾಲು, ಬಿಸ್ಕತ್ತುಗಳ ಚಿತ್ರ ತುಂಬಿಸುವವರು ಹೆಚ್ಚು. ‘ಬೇಡ’, ‘ಸಾಕು’, ‘ಇನ್ನೂ’, ‘ಬಾ’, ‘ನೋವು’ ಮೊದಲು ಬರಲಿ. ಬೇಡವೆನ್ನಲು ದಾರಿ ಸಿಕ್ಕ ಮೇಲೆ ನಮ್ಮ ಹುಡುಗಿ ತಟ್ಟೆ ತಳ್ಳುವುದನ್ನು ಬಹುಮಟ್ಟಿಗೆ ಬಿಟ್ಟಳು. ಈಗ ತಾತನನ್ನು ರೇಗಿಸಲೆಂದೇ ‘ಬೇಡ’ ಚಿತ್ರವನ್ನು ಮುಟ್ಟುತ್ತಾಳೆ. ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ. ಅಲ್ಲಿನ ಮಕ್ಕಳಿಗೆ ಎರಡೂ ಭಾಷೆಯಲ್ಲಿ ದನಿ ರೆಕಾರ್ಡ್ ಮಾಡಿಕೊಡಬೇಕಾಗುತ್ತದೆ.

ಇದಕ್ಕೆ ಹೊಸ ಯೋಜನೆ ಬೇಕೆಂದು ನನಗನ್ನಿಸುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮಾರ್ಗಸೂಚಿ ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಕೊಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರದಲ್ಲಿ ವಾಕ್ ಚಿಕಿತ್ಸಕರೊಬ್ಬರು ಇರಬೇಕೆನ್ನುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪರಿಣತಿ ನಮ್ಮ ರಾಜ್ಯದಲ್ಲೇ ಇದೆ. ಅಂಗನವಾಡಿಗಳಲ್ಲಿ ವಿಕಲಚೇತನ ಮಕ್ಕಳನ್ನು ಬೇಗ ಗುರುತಿಸಿ ಸೇರಿಸಿಕೊಳ್ಳುವ ಬಗ್ಗೆ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮುಂದಿನ ಶಿಬಿರಗಳಿಗೆ ವಾಕ್ ಚಿಕಿತ್ಸಕರನ್ನು ಕರೆಸಿ, ಮೂರು ವರ್ಷದ ಮಕ್ಕಳನ್ನೂ ಪರೀಕ್ಷಿಸಿ, ಫಲಕ ಅಥವಾ ಟ್ಯಾಬ್ಲೆಟ್ ಕೊಟ್ಟ ದಿನವೇ ತಾಯಿಯನ್ನೂ ಅಂಗನವಾಡಿ ಕಾರ್ಯಕರ್ತೆಯನ್ನೂ ಜೊತೆಗೆ ಕೂರಿಸಿ ಬಳಕೆ ತೋರಿಸಿಕೊಡಬೇಕು. ಗೃಹಾಧಾರಿತ ಶಿಕ್ಷಣಕ್ಕೆಂದು ಮನೆಗೆ ಬರುವ ಸಂಪನ್ಮೂಲ ಶಿಕ್ಷಕರು ಪ್ರತಿ ಭೇಟಿಯಲ್ಲೂ ಅದನ್ನು ವಿಚಾರಿಸಬೇಕು. ಶಿಬಿರದ ದಿನಾಂಕ ಅಂಗನವಾಡಿಗಳಿಗೆ ಮೊದಲೇ ತಿಳಿದರೆ, ಪಾವಗಡ, ಶಿರಾ ಕಡೆಯ ದೂರದ ಹಳ್ಳಿಗಳ ತಾಯಂದಿರು ಒಂದು ದಿನದ ಕೂಲಿ ಬಿಟ್ಟು ಮಗುವನ್ನು ಎತ್ತಿಕೊಂಡು ಬರಲು ಅನುಕೂಲವಾಗುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಮಧುಗಿರಿ